ಬರೆದಿಟ್ಟ ಅಡುಗೆ, ಬೇಯದ ಅಡುಗೆ: ಯುದ್ಧಕಾಲದ ಯಹೂದಿ ಊಟದ ಕಾಗದಗಳನ್ನು ಓದುವ ಬಗೆ

ಹತ್ತು ಮೊಟ್ಟೆಗಳನ್ನು ಗಟ್ಟಿಯಾಗಿ ಬೇಯಿಸಿ ಎರಡೆರಡು ಹೋಳು ಮಾಡಬೇಕು. ಒಳಗಿನ ಹಳದಿಯನ್ನು ತೆಗೆದು ಜರಡಿಯ ಮೇಲೆ ಉಜ್ಜಿ ನುಣ್ಣಗೆ ಇಳಿಸಿಕೊಳ್ಳಬೇಕು. ಅದಕ್ಕೆ 5 ಡೆಕಾ ಬೆಣ್ಣೆ, ಹಾಗೆಯೇ ಜರಡಿಯಲ್ಲಿ ಉಜ್ಜಿದ ಎರಡು ಆಂಚೊವಿ ಮೀನು, ಒಂದಿಷ್ಟು ಸಾಸಿವೆ, ಮೂರು ನಾಲ್ಕು ಹನಿ ಮ್ಯಾಗಿ ದ್ರಾವಣ, ಲೀಟರಿನ ಎಂಟನೇ ಒಂದು ಭಾಗದಷ್ಟು ಕಡೆದ ಕೆನೆ, ಪಾರ್ಸ್ಲಿ ಸೊಪ್ಪು, ನಿಂಬೆರಸ ಸೇರಿಸಬೇಕು. ಮೊಟ್ಟೆಗಳನ್ನು ತಟ್ಟೆಯಲ್ಲಿ ಜೋಡಿಸಿ ಮೇಲೆ ಆಸ್ಪಿಕ್, ಎಂದರೆ ಆರಿದಾಗ ಜೆಲ್ಲಿಯಂತೆ ಗಟ್ಟಿಯಾಗುವ ಸಾರು, ಸುರಿಯಬೇಕು. ಸುರಿಯುವ ಮುಂಚೆ ಕಲ್ಪನೆಯನ್ನು ಹರಿಯಬಿಟ್ಟು ಹ್ಯಾಮ್, ಸಾಲ್ಮನ್, ಕ್ಯಾವಿಯರ್, ಕೇಪರ್‌ಗಳಿಂದ ಅಲಂಕರಿಸಬಹುದು.

ಈ ಪಾಕವನ್ನು ಬರೆದಿಟ್ಟದ್ದು ಟೆರೆಜಿನ್ ಗೆಟ್ಟೋದಲ್ಲಿ, ಎಂದರೆ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಜಾಗದಲ್ಲಿ. ಪ್ರಾಗ್‌ನ ಉತ್ತರಕ್ಕಿರುವ ಹಳೆಯ ಕೋಟೆಯೂರು ಅದು. 1941ರ ನವೆಂಬರ್‌ನಿಂದ 1945ರ ಮೇ ತನಕ ನಾಜಿಗಳು ಅಲ್ಲಿ ಸುಮಾರು 1,40,000 ಯಹೂದಿಗಳನ್ನು ತಂದು ತುಂಬಿದರು. 33,000ದಷ್ಟು ಜನ ಅಲ್ಲೇ ಸತ್ತರು, ಅದರಲ್ಲಿ ಬಹುಪಾಲು ಮುದುಕರು. ಸುಮಾರು 88,000 ಜನರನ್ನು ಆಶ್‌ವಿಟ್ಜ್ ಕೊಲೆಶಿಬಿರ ಮೊದಲಾದ ಕಡೆ ಸಾಗಿಸಲಾಯಿತು. ಬ್ರೆಡ್ಡು, ಆಲೂಗಡ್ಡೆ, ನೀರಾದ ಸಾರು, ಇಷ್ಟರಲ್ಲೇ ದಿನ ಕಳೆಯುತ್ತಿದ್ದ ಆ ಊರಿನಲ್ಲಿ ಮೀನಾ ಪೆಖ್ಟರ್ ಎಂಬ ವೃದ್ಧೆ ಮತ್ತು ಅವರ ಜೊತೆಗಿದ್ದ ಹೆಂಗಸರು ಎಪ್ಪತ್ತರಷ್ಟು ಪಾಕಗಳನ್ನು ಬರೆದು, ಹಾಳೆಗಳನ್ನು ಕೈಯಿಂದ ಹೊಲಿದು ಪುಸ್ತಕ ಮಾಡಿದರು. ಪೆಖ್ಟರ್ 1944ರ ಯೋಮ್ ಕಿಪ್ಪುರ್ ದಿನ ತೀರಿಕೊಂಡರು. ಯಹೂದಿಗಳು ಇಡೀ ದಿನ ಉಪವಾಸವಿರುವ ದಿನವದು.

ಇಂಥ ಕಾಗದ ಕೈಗೆ ಬಂದಾಗ ಓದುವವರ ಮನಸ್ಸು ಎರಡು ಕಡೆ ಜಾರುತ್ತದೆ. ಒಂದು, ಇದನ್ನು ಅಲ್ಲಿ ತಿನ್ನುತ್ತಿದ್ದರು ಎಂದು ತಿಳಿಯುವುದು. ಇನ್ನೊಂದು, ಕಣ್ಣೀರು ತುಂಬಿಕೊಂಡು ಪಾಕದೊಳಗೆ ಏನಿದೆ ಎಂದೇ ನೋಡದೆ ಮುಚ್ಚಿಡುವುದು. ಯುದ್ಧಕಾಲದ ಯಹೂದಿ ಆಹಾರದ ಬಗ್ಗೆ ಕೆಲಸ ಮಾಡುವ ವಿದ್ವಾಂಸರು ಮೊದಲು ಕಲಿಯುವ ಪಾಠವೆಂದರೆ ಮೂರು ಊಟಗಳನ್ನು ಬೇರೆ ಬೇರೆ ಇಡುವುದು: ಸರಕಾರಿ ಕಾಗದದ ಮೇಲಿನ ಊಟ, ಹೊಟ್ಟೆಗೆ ನಿಜವಾಗಿ ಹೋದ ಊಟ, ನೆನಪಿನಿಂದ ಬರೆದಿಟ್ಟ ಊಟ. ಮೂರಕ್ಕೂ ಬೇರೆ ಬೇರೆ ಬಗೆಯ ದಾಖಲೆಗಳಿವೆ, ಒಂದೊಂದೂ ಒಂದೊಂದು ರೀತಿ ದಾರಿ ತಪ್ಪಿಸುತ್ತದೆ.

ಕಾಗದದ ಮೇಲಿನ ಊಟ

ವಾರ್ಸಾ ಗೆಟ್ಟೋ ಬಗ್ಗೆ ಓದಿದವರೆಲ್ಲ ಒಂದು ಅಂಕಿಯನ್ನು ಕಂಡಿರುತ್ತಾರೆ. 1941ರಲ್ಲಿ ರೇಷನ್ ಲೆಕ್ಕದಂತೆ ದಿನಕ್ಕೆ ಜರ್ಮನರಿಗೆ 2,613 ಕ್ಯಾಲೊರಿ, ಪೋಲಿಷರಿಗೆ 700ರ ಒಳಗೆ, ಯಹೂದಿಗಳಿಗೆ 184. ಈ 184 ಎಷ್ಟು ಎಂದು ಕಣ್ಣಿಗೆ ಕಾಣಬೇಕಾದರೆ ರೈ ಹಿಟ್ಟಿನ ಬ್ರೆಡ್ಡನ್ನು ತೂಗಿ ನೋಡಿ. ಒಂದು ಗ್ರಾಂಗೆ ಸುಮಾರು ಎರಡೂವರೆ ಕ್ಯಾಲೊರಿ ಎಂದರೂ 75 ಗ್ರಾಂ ಆಗುತ್ತದೆ, ಎಂದರೆ ತೆಳ್ಳಗಿನ ಎರಡು ಹೋಳು. ಇಡೀ ದಿನಕ್ಕೆ ಅಷ್ಟೇ.

ಆದರೆ ಈ ಅಂಕಿಯನ್ನು ನೇರ ತಟ್ಟೆಗೆ ಬಡಿಸಿಬಿಟ್ಟರೆ ಲೆಕ್ಕ ಕೆಡುತ್ತದೆ. ರೇಷನ್ ಚೀಟಿ ಎಂದರೆ ಕೊಳ್ಳುವ ಹಕ್ಕು ಮಾತ್ರ, ಕೊಳ್ಳಲು ದುಡ್ಡೂ ಬೇಕು, ಅಂಗಡಿಗೆ ಮಾಲೂ ಬರಬೇಕು. ಬಂದ ಆಲೂಗಡ್ಡೆ ಹಿಮಕ್ಕೆ ಸಿಕ್ಕಿ ಕೊಳೆತಿದ್ದರೂ ತೂಕದಲ್ಲಿ ಅದು ಆಲೂಗಡ್ಡೆಯೇ. ಬ್ರೆಡ್ಡಿನ ಹಿಟ್ಟಿಗೆ ಬೇರೇನೋ ಬೆರೆಸಿ, ಅರ್ಧಂಬರ್ಧ ಬೇಯಿಸಿ ಒಳಗೆ ನೀರುಳಿಸಿದರೆ ತೂಕ ಸರಿಬರುತ್ತದೆ, ಸತ್ವ ಬರುವುದಿಲ್ಲ. ಹಾಗಾಗಿ ಕಾಗದದ 184 ಎಷ್ಟೋ ಸಲ 184 ಕೂಡ ಆಗಿರಲಿಲ್ಲ.

ಇನ್ನೊಂದು ಕಡೆಯಿಂದ ನೋಡಿದರೆ, 184 ಕ್ಯಾಲೊರಿಯಲ್ಲಿ ಯಾರೂ ಒಂದೂವರೆ ವರ್ಷ ಬದುಕಿರಲಾರರು. 1940ರ ನವೆಂಬರ್‌ನಲ್ಲಿ ಗೋಡೆ ಮುಚ್ಚಿದ ಆ ಗೆಟ್ಟೋದಲ್ಲಿ ಒಂದು ಹೊತ್ತಿಗೆ ನಾಲ್ಕೂವರೆ ಲಕ್ಷ ಜನ ಇದ್ದರು. 1942ರ ಬೇಸಿಗೆಯ ಹೊತ್ತಿಗೆ ಹಸಿವು ಮತ್ತು ರೋಗದಿಂದ ಸತ್ತವರು ಸುಮಾರು 83,000. ಉಳಿದವರು ಏನು ತಿಂದರು? ಕಳ್ಳಸಾಗಣೆಯ ಮಾಲು. ಗೆಟ್ಟೋದ ಯಹೂದಿ ಸಮಿತಿಯ ಮುಖ್ಯಸ್ಥ ಆಡಮ್ ಚೆರ್ನಿಯಾಕೋವ್ ಅವರ ಅಂದಾಜಿನಂತೆ ಒಳಬರುತ್ತಿದ್ದ ಆಹಾರದಲ್ಲಿ ನೂರಕ್ಕೆ ಎಂಬತ್ತರಷ್ಟು ಕದ್ದು ತಂದದ್ದು. ಗೋಡೆಯ ಬುಡದ ಕಿಂಡಿಗಳಲ್ಲಿ ತೂರಿ ಹೋಗಿ ಬರುತ್ತಿದ್ದವರಲ್ಲಿ ಎಷ್ಟೋ ಜನ ಸಣ್ಣ ಮಕ್ಕಳು. ಅಂಗಿಯ ಒಳಪದರಕ್ಕೆ ಆಲೂಗಡ್ಡೆ ತುಂಬಿಕೊಂಡು ಬಂದು ಇಡೀ ಮನೆಯನ್ನು ಸಾಕುತ್ತಿದ್ದರು. 1941ರ ಅಕ್ಟೋಬರ್‌ನಲ್ಲಿ ಅನುಮತಿಯಿಲ್ಲದೆ ಹೊರಹೋದವರಿಗೆ ಮರಣದಂಡನೆ ಎಂದು ಆಜ್ಞೆ ಹೊರಟ ಮೇಲೂ ಇದು ನಿಲ್ಲಲಿಲ್ಲ, ನಿಲ್ಲುವಂತೆಯೂ ಇರಲಿಲ್ಲ.

ಈಗ ಲೋಡ್ಜ್ ನಗರದ ಗೆಟ್ಟೋ ನೋಡಿ. ಅದೂ ಪೋಲೆಂಡೇ, ಅದೂ ಅದೇ ಕಾಲ. ಆದರೆ ಸುತ್ತಲಿನ ಪ್ರದೇಶವನ್ನು ಜರ್ಮನಿಗೇ ಸೇರಿಸಿಕೊಂಡಿದ್ದರಿಂದ ಬೇಲಿಯಾಚೆ ಕೊಡುಕೊಳ್ಳುವ ನೆರೆಹೊರೆ ಇರಲಿಲ್ಲ. ಗೆಟ್ಟೋದೊಳಗೆ ಬೇರೆಯೇ ನೋಟು ಚಲಾವಣೆಯಲ್ಲಿತ್ತು. ಹೊರಗೆ ಆ ನೋಟಿಗೆ ಕವಡೆ ಬೆಲೆಯಿಲ್ಲ. ಕಳ್ಳಸಾಗಣೆ ಹೆಚ್ಚುಕಡಿಮೆ ಅಸಾಧ್ಯ. ಹಾಗಾಗಿ ಲೋಡ್ಜ್‌ನಲ್ಲಿ ಸಮಿತಿ ಹಂಚಿದ್ದೇ ಊಟ, ಅದರಾಚೆ ಬಹುತೇಕ ಏನೂ ಇಲ್ಲ. ಅಲ್ಲಿನ ದಿನಚರಿಗಳಲ್ಲಿ ಮತ್ತೆ ಮತ್ತೆ ಬರುವುದು ಬ್ರೆಡ್ಡಿನ ಲೆಕ್ಕ: ಒಂದು ಬ್ರೆಡ್ಡು ಇಷ್ಟು ದಿನಕ್ಕೆ ಎಂದು ಗೊತ್ತುಮಾಡಿದ್ದನ್ನು ತಡೆಯಲಾರದೆ ಮೊದಲ ದಿನಗಳಲ್ಲೇ ತಿಂದು ಮುಗಿಸಿ, ಉಳಿದ ದಿನ ಖಾಲಿ ಹೊಟ್ಟೆಯಲ್ಲಿ ಕಳೆಯುವುದು. ಸಾರ್ವಜನಿಕ ಅಡುಗೆಮನೆಗಳಲ್ಲಿ ಉಳಿದ ಆಲೂಗಡ್ಡೆ ಸಿಪ್ಪೆಗೂ ಎಷ್ಟು ಬೇಡಿಕೆಯಿತ್ತೆಂದರೆ ಅದನ್ನು ಪಡೆಯಲು ವೈದ್ಯರ ಚೀಟಿ ಬೇಕಾಯಿತು. ಆ ಸಿಪ್ಪೆಯನ್ನು ತೊಳೆದು, ಅರೆದು, ನಕಲಿ ಕಾಫಿಯ ಗಸಿಯ ಜೊತೆ ಕಲಸಿ, ಬಿಲ್ಲೆ ತಟ್ಟಿ ಬೇಯಿಸುತ್ತಿದ್ದರು. ಆ ಗಸಿ ಹುರಿದ ಧಾನ್ಯದ್ದು, ಹೊಟ್ಟೆ ತುಂಬಿಸುವಷ್ಟು ನಾರು ಇರುತ್ತಿತ್ತು, ಬಲ ಕೊಡುವಂಥದ್ದು ಬಹುಪಾಲು ಹುರಿಯುವಾಗಲೂ ಕುದಿಸುವಾಗಲೂ ಹೋಗಿಬಿಟ್ಟಿರುತ್ತಿತ್ತು.

ಎರಡು ಊರು, ಎರಡು ಲೆಕ್ಕ. ವಾರ್ಸಾದ ರೇಷನ್ ಅಂಕಿ ನಿಜವಾದ ಊಟಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಲೋಡ್ಜ್‌ನ ಅಂಕಿ ನಿಜಕ್ಕಿಂತ ಹೆಚ್ಚನ್ನೇ ತೋರಿಸುತ್ತಿದ್ದಿರಬಹುದು, ಏಕೆಂದರೆ ಹಾಳಾದ ಮಾಲಿನ ನಷ್ಟವನ್ನು ತುಂಬಿಕೊಡುವ ಬೇರೆ ದಾರಿ ಅಲ್ಲಿರಲಿಲ್ಲ. ಇತಿಹಾಸಕಾರ್ತಿ ಹೆಲೆನ್ ಸಿನ್‌ರೈಕ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರ್ಸಾ, ಲೋಡ್ಜ್, ಕ್ರಾಕೋವ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದು ಇದೇ ಕಾರಣಕ್ಕೆ ಬೆಲೆಯುಳ್ಳ ಕೆಲಸ. 'ಗೆಟ್ಟೋದಲ್ಲಿ ಹೀಗಿತ್ತು' ಎಂಬ ಮಾತು ಕೇಳಿದಾಗ 'ಯಾವ ಗೆಟ್ಟೋ, ಯಾವ ತಿಂಗಳು, ಯಾರ ಮನೆ' ಎಂದು ಕೇಳಲೇಬೇಕು.

'ಯಾರ ಮನೆ' ಎಂಬ ಪ್ರಶ್ನೆ ಎಲ್ಲಕ್ಕಿಂತ ನೋವಿನದು. ವಾರ್ಸಾದಲ್ಲಿ 1941ರ ಕೊನೆಗೆ ನಡೆದ ಲೆಕ್ಕಾಚಾರದ ಪ್ರಕಾರ ಸಮಿತಿಯ ನೌಕರರ ಮನೆಗಳಲ್ಲಿ ತಲೆಗೆ ದಿನಕ್ಕೆ 1,600 ಕ್ಯಾಲೊರಿಗೂ ಮೇಲೆ ಸಿಗುತ್ತಿತ್ತು, ಬೇರೆ ಊರುಗಳಿಂದ ಓಡಿಸಿ ತಂದ ನಿರಾಶ್ರಿತರಿಗೆ 800ರ ಆಸುಪಾಸು. ಸರಾಸರಿ ತೆಗೆದರೆ ಈ ಎರಡೂ ಕರಗಿ ಒಂದಾಗುತ್ತವೆ. ಆದರೆ ಸತ್ತವರು ಸರಾಸರಿಯಿಂದ ಸಾಯಲಿಲ್ಲ. ಬರಿಗೈಯಲ್ಲಿ ಬಂದವರು, ಮಾರಲು ಕೋಟೂ ಇಲ್ಲದವರು ಮೊದಲು ಹೋದರು.

ಈ ಲೆಕ್ಕಗಳು ನಮ್ಮ ಕೈಗೆ ಸಿಕ್ಕಿದ್ದೇ ಒಂದು ದೊಡ್ಡ ಸಾಹಸದಿಂದ. ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲೂಮ್ ಗೆಟ್ಟೋದೊಳಗೆ ಕಟ್ಟಿದ ಗುಪ್ತ ಬಳಗಕ್ಕೆ ಓಯ್ನೆಗ್ ಶಾಬೆಸ್, ಎಂದರೆ ಸಬ್ಬತ್ತಿನ ಸಂತೋಷ, ಎಂದು ಹೆಸರು. ಶನಿವಾರ ಸೇರುತ್ತಿದ್ದರಿಂದ ಆ ಹೆಸರು ಬಂತು. ಅವರು ಬರೀ ದೊಡ್ಡ ಘಟನೆಗಳನ್ನು ಬರೆದಿಡಲಿಲ್ಲ. ರೇಷನ್ ಚೀಟಿ, ಟ್ರಾಮ್ ಟಿಕೆಟ್, ಗೆಟ್ಟೋದಲ್ಲೇ ತಯಾರಾದ ಮಿಠಾಯಿಯ ಹೊದಿಕೆ ಕಾಗದ ಎಲ್ಲವನ್ನೂ ಎತ್ತಿಟ್ಟರು. ಬಣ್ಣದ ಆ ಮಿಠಾಯಿ ಕಾಗದವನ್ನು ಸಾವಿನ ಅಂಕಿಗಳ ಪಕ್ಕ ಇಟ್ಟರೆ ಗೆಟ್ಟೋದ ಪೇಟೆ ಹೇಗಿತ್ತೆಂದು ಅರ್ಥವಾಗುತ್ತದೆ: ಸಕ್ಕರೆ ಇತ್ತು, ಕೊಳ್ಳುವವರೂ ಒಂದಷ್ಟು ಜನ ಇದ್ದರು, ಅಂಗಡಿಯ ಮುಂದೆಯೇ ಮಕ್ಕಳು ಹಸಿದು ಬಿದ್ದಿರುತ್ತಿದ್ದರು. ಈ ಕಾಗದಗಳನ್ನು ತಗಡಿನ ಹತ್ತು ಪೆಟ್ಟಿಗೆಗಳಲ್ಲೂ ಎರಡು ಹಾಲಿನ ಕ್ಯಾನುಗಳಲ್ಲೂ ತುಂಬಿ ಹೂತರು. ಪೆಟ್ಟಿಗೆಗಳು 1946ರ ಸೆಪ್ಟೆಂಬರ್‌ನಲ್ಲಿ, ಕ್ಯಾನುಗಳು 1950ರ ಡಿಸೆಂಬರ್‌ನಲ್ಲಿ ಸಿಕ್ಕವು. ಒಟ್ಟು ಸುಮಾರು 35,000 ಪುಟ. ಮೂರನೆಯ ಗಂಟು ಇವತ್ತಿಗೂ ಸಿಕ್ಕಿಲ್ಲ.

ಸೌಟಿನ ಲೆಕ್ಕ

ಆ ಬಳಗದ ಬರಹಗಾರ್ತಿ ರಾಖೆಲ್ ಆಉಎರ್‌ಬಾಖ್ ಲೆಶ್ನೋ ಬೀದಿಯ 40ನೇ ನಂಬರಿನಲ್ಲಿ ಗಂಜಿ ಕೇಂದ್ರ ನಡೆಸುತ್ತಿದ್ದರು. ಕೆಲಸ ಒಪ್ಪಿಸಿದ್ದು ರಿಂಗೆಲ್‌ಬ್ಲೂಮ್ ಅವರೇ. ಬಳಗದಲ್ಲಿ ಬದುಕುಳಿದ ಮೂವರಲ್ಲಿ ಆಕೆಯೂ ಒಬ್ಬರು. ಗಂಜಿ ಕೇಂದ್ರ ಯಾಕೆ ಸೋಲುತ್ತದೆ ಎಂಬುದನ್ನು ಅವರಷ್ಟು ಹತ್ತಿರದಿಂದ, ಅಷ್ಟು ಪ್ರಾಮಾಣಿಕವಾಗಿ ಬರೆದವರು ಕಡಿಮೆ. ತಾವು ಬಡಿಸುವ ಸಾರು ಯಾರನ್ನೂ ಉಳಿಸುತ್ತಿಲ್ಲ, ಸಾವನ್ನು ಕೆಲವು ವಾರ ಮುಂದೂಡುತ್ತಿದೆ ಅಷ್ಟೇ ಎಂಬ ತೀರ್ಮಾನಕ್ಕೆ ಅವರು ಗೆಟ್ಟೋದಲ್ಲಿದ್ದಾಗಲೇ ಬಂದಿದ್ದರು.

ಅದು ಹತಾಶೆಯ ಮಾತಲ್ಲ, ಲೆಕ್ಕದ ಮಾತು. ಒಂದು ಲೀಟರ್ ನೀರಿಗೆ 50 ಗ್ರಾಂ ನುಚ್ಚು ಹಾಕಿ ಕುದಿಸಿದಿರಿ ಎನ್ನೋಣ. ಒಣ ನುಚ್ಚಿನಲ್ಲಿ ಗ್ರಾಂಗೆ ಮೂರೂವರೆ ಕ್ಯಾಲೊರಿ. ಪಾತ್ರೆಯಲ್ಲಿರುವುದು 175. ನೀರು ಎಷ್ಟೇ ಬಿಸಿಯಾಗಿರಲಿ, ಬಟ್ಟಲು ಎಷ್ಟೇ ದೊಡ್ಡದಿರಲಿ, ಈ ಅಂಕಿ ಏರುವುದಿಲ್ಲ. ಸರದಿಯಲ್ಲಿ ಇನ್ನೂ ಐವತ್ತು ಜನ ನಿಂತರೆ ಅಡುಗೆಯವರ ಕೈಲಿರುವುದು ನೀರು ಸುರಿಯುವುದೊಂದೇ. ಇನ್ನು ನುಚ್ಚೆಲ್ಲ ತಳಕ್ಕೆ ಕೂರುತ್ತದೆ. ಸೌಟು ಮೇಲಿಂದ ಬಂದರೆ ಬಿಸಿನೀರು, ತಳದಿಂದ ಬಂದರೆ ಊಟ. ಗೆಟ್ಟೋ ಮತ್ತು ಶಿಬಿರಗಳ ನೆನಪುಗಳಲ್ಲಿ 'ತಳದಿಂದ ಹಾಕಿ' ಎಂಬ ಬೇಡಿಕೆ ಮತ್ತೆ ಮತ್ತೆ ಕೇಳುವುದು ಇದಕ್ಕೇ. ಬಡಿಸುವವರ ಮಣಿಕಟ್ಟಿನ ಒಂದು ತಿರುವಿನಲ್ಲಿ ಒಬ್ಬರ ವಾರ ನಿರ್ಧಾರವಾಗುತ್ತಿತ್ತು.

ಹಾಗಾದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಡಬೇಕೋ, ಕೆಲವರಿಗಾದರೂ ಬದುಕುವಷ್ಟು ಕೊಡಬೇಕೋ? ಈ ಪ್ರಶ್ನೆಯನ್ನು ವಾರ್ಸಾದಲ್ಲಿ ಮಾತಾಡಿಕೊಂಡರು, ಉತ್ತರ ಸಿಗಲಿಲ್ಲ. ಟೆರೆಜಿನ್‌ನ ಯಹೂದಿ ಆಡಳಿತ ಒಂದು ಉತ್ತರ ಕೊಟ್ಟುಕೊಂಡಿತು: ಕಷ್ಟದ ಕೆಲಸ ಮಾಡುವವರಿಗೂ ಮಕ್ಕಳಿಗೂ ಹೆಚ್ಚು ಪಾಲು, ಕೆಲಸ ಮಾಡದ ಮುದುಕರಿಗೆ ಕಡಿಮೆ. ಅಲ್ಲಿ ಸತ್ತವರಲ್ಲಿ ಮುದುಕರೇ ಹೆಚ್ಚು ಎಂದು ಮೇಲೆ ಹೇಳಿದ್ದರ ಹಿಂದೆ ಈ ತೀರ್ಮಾನವೂ ಇದೆ. ಅದನ್ನು ತೆಗೆದುಕೊಂಡವರನ್ನು ದೂರುವುದು ನಮ್ಮ ಕೆಲಸವಲ್ಲ. ಹಂಚಲು ಸಾಲದಷ್ಟನ್ನೇ ಕೊಟ್ಟು ಹಂಚುವ ಹೊಣೆಯನ್ನು ಅವರ ತಲೆಗೆ ಕಟ್ಟಿದವರು ಬೇರೆ. ಮೀನಾ ಪೆಖ್ಟರ್ ಎಪ್ಪತ್ತು ದಾಟಿದ್ದರು.

ಹಸಿವನ್ನೇ ಅಳೆದ ವೈದ್ಯರು

1942ರ ಫೆಬ್ರವರಿಯಲ್ಲಿ ವಾರ್ಸಾ ಗೆಟ್ಟೋದ ವೈದ್ಯರು ಒಂದು ಸಂಶೋಧನೆಗೆ ಕೈಹಾಕಿದರು. ಔಷಧಿಯಿಲ್ಲ, ಆಹಾರವಿಲ್ಲ, ರೋಗಿಗಳು ಮಾತ್ರ ಲೆಕ್ಕವಿಲ್ಲದಷ್ಟು. ಉಳಿಸಲಾಗದಿದ್ದರೆ ಹಸಿವು ದೇಹಕ್ಕೆ ಮಾಡುವುದನ್ನಾದರೂ ತಿಳಿದು ಬರೆದಿಡೋಣ ಎಂದು ಇಸ್ರಾಯೆಲ್ ಮಿಲೆಯ್ಕೋವ್ಸ್ಕಿ ಮುಂದಾಳಾಗಿ ನಿಂತರು. ಯೂಲಿಯನ್ ಫ್ಲೀಡರ್‌ಬಾಮ್, ಮಕ್ಕಳ ಆಸ್ಪತ್ರೆಯ ಅನ್ನಾ ಬ್ರೌಡೆ-ಹೆಲ್ಲರ್, ಎಮಿಲ್ ಆಪ್‌ಫೆಲ್‌ಬಾಮ್ ಸೇರಿ ಸುಮಾರು ಇಪ್ಪತ್ತೆಂಟು ವೈದ್ಯರು. ಅಳೆಯುವವರೂ ಹಸಿದವರೇ.

ಅವರು ಕೊಟ್ಟ ಅಂಕಿಗಳು ರೇಷನ್ ಚೀಟಿಯ ಅಂಕಿಗಳಿಗಿಂತ ಎಷ್ಟೋ ಗಟ್ಟಿ, ಏಕೆಂದರೆ ಅವು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಹುಟ್ಟಿದವು. ರೋಗಿಗಳ ದಿನದ ಆಹಾರ ಸುಮಾರು 800 ಕ್ಯಾಲೊರಿ, ಅದರಲ್ಲಿ ಕೊಬ್ಬು 3 ಗ್ರಾಂ, ಪ್ರೋಟೀನು 20ರಿಂದ 30 ಗ್ರಾಂ, ಅದೂ ಸಸ್ಯಮೂಲದ್ದು. ಬಿಡಿಸಿ ನೋಡಿ: ಕೊಬ್ಬಿನಿಂದ 27 ಕ್ಯಾಲೊರಿ, ಪ್ರೋಟೀನಿನಿಂದ ನೂರರಷ್ಟು, ಉಳಿದ 670ರಷ್ಟೂ ಪಿಷ್ಟದಿಂದ. ಎಂದರೆ ಅವರು ತಿನ್ನುತ್ತಿದ್ದುದು ಬ್ರೆಡ್ಡು, ಗಂಜಿ, ಆಲೂಗಡ್ಡೆ, ಅಷ್ಟೇ. ಹಾಲು, ಮಾಂಸ, ಎಣ್ಣೆ ಯಾವುದೂ ಆ ಲೆಕ್ಕದೊಳಗೆ ಹಿಡಿಸುವುದಿಲ್ಲ. ಒಂದು ಸಾಲಿನ ಅಂಕಿಯಿಂದ ಒಂದು ಊರಿನ ಅಡುಗೆಮನೆ ಹೀಗೆ ಕಾಣುತ್ತದೆ. ದಾಖಲಾದ ಅತಿ ಕಡಿಮೆ ತೂಕ ಮೂವತ್ತು ವರ್ಷದ ಒಬ್ಬ ಹೆಂಗಸಿನದು: ಎತ್ತರ 152 ಸೆಂಟಿಮೀಟರ್, ತೂಕ 24 ಕಿಲೋ.

ಕಾಲು ಬಾತುಕೊಳ್ಳುವುದು, ರಕ್ತದೊತ್ತಡ ಇಳಿಯುವುದು, ಹೃದಯ ಕುಗ್ಗುವುದು ಇವನ್ನೆಲ್ಲ ಕ್ರಮವಾಗಿ ಬರೆದರು. ಕ್ಷಯ ಇದ್ದ ರೋಗಿಗಳಲ್ಲೂ ಟ್ಯುಬರ್ಕ್ಯುಲಿನ್ ಚರ್ಮಪರೀಕ್ಷೆ ಏನೂ ತೋರಿಸದೆ ಹೋಗುತ್ತದೆ ಎಂಬುದು ಅವರು ಕಂಡ ಮಹತ್ವದ ಸಂಗತಿ. ಹಸಿದ ದೇಹಕ್ಕೆ ರೋಗದ ವಿರುದ್ಧ ಎದ್ದು ನಿಲ್ಲುವ ಶಕ್ತಿಯೇ ಉಳಿದಿರುವುದಿಲ್ಲ. ಜುಲೈ 22ರಂದು ಟ್ರೆಬ್ಲಿಂಕಾ ಕೊಲೆಶಿಬಿರಕ್ಕೆ ಸಾಗಣೆ ಶುರುವಾದಾಗ ಕೆಲಸ ನಿಂತಿತು. ಉಳಿದ ಹಾಳೆಗಳನ್ನು ಒಟ್ಟುಮಾಡಿ ಗೋಡೆಯಾಚೆ ಪೋಲಿಷ್ ಪ್ರೊಫೆಸರ್ ವಿಟೋಲ್ಡ್ ಓರ್ವೋವ್ಸ್ಕಿ ಅವರಿಗೆ ಮುಟ್ಟಿಸಲಾಯಿತು. 1946ರಲ್ಲಿ ವಾರ್ಸಾದಲ್ಲೇ ಅದು ಅಚ್ಚಾಯಿತು. ಬರೆದವರಲ್ಲಿ ಹೆಚ್ಚಿನವರು ಅದನ್ನು ನೋಡಲು ಇರಲಿಲ್ಲ.

ಅಚ್ಚಾಗುವ ಒಂದು ವರ್ಷ ಮುಂಚೆ, 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೈನ್ಯ ಬೆರ್ಗೆನ್-ಬೆಲ್ಸೆನ್ ಶಿಬಿರವನ್ನು ಹೊಕ್ಕಿತು. ಒಳಗೆ ಸುಮಾರು 60,000 ಜನ. ಬಿಡುಗಡೆಯಾದ ಮೇಲೂ 13,000ಕ್ಕಿಂತ ಹೆಚ್ಚು ಜನ ಸತ್ತರು. ಬಹಳಷ್ಟು ಟೈಫಸ್‌ನಿಂದ, ಆದರೆ ಊಟದಿಂದಲೂ. ಸೈನಿಕರು ಕನಿಕರದಿಂದ ತಮ್ಮ ಡಬ್ಬಿ ಮಾಂಸವನ್ನೇ ಹಂಚಿದ್ದರು. ತಿಂಗಳುಗಟ್ಟಲೆ ಹಸಿದ ದೇಹ ತನ್ನ ಉಪ್ಪುಗಳನ್ನೆಲ್ಲ ಖರ್ಚು ಮಾಡಿಕೊಂಡು ಮೆಲ್ಲಗೆ ಓಡುತ್ತಿರುತ್ತದೆ. ಏಕಾಏಕಿ ಊಟ ಬಿದ್ದರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿ ಅಳಿದುಳಿದ ಫಾಸ್ಫೇಟು, ಪೊಟ್ಯಾಸಿಯಂ ಜೀವಕೋಶಗಳೊಳಗೆ ನುಗ್ಗಿಬಿಡುತ್ತವೆ, ಹೃದಯ ತಪ್ಪಿ ಬಡಿದು ನಿಲ್ಲುತ್ತದೆ. ಕರುಳಿನ ಒಳಪದರವೂ ಸವೆದಿರುವುದರಿಂದ ಕೊಬ್ಬು ಜೀರ್ಣವಾಗದೆ ಭೇದಿ ಹತ್ತುತ್ತದೆ.

ಆಮೇಲೆ ವೈದ್ಯರು ತಂದದ್ದು 'ಬೆಂಗಾಲ್ ಫ್ಯಾಮಿನ್ ಮಿಕ್ಸ್ಚರ್'. 1943ರ ಬಂಗಾಳದ ಬರಗಾಲದಲ್ಲಿ ಹಸಿದವರಿಗೆ ಕೊಟ್ಟು ಗುಣ ಕಂಡಿದ್ದ ಸಿಹಿಗಂಜಿಯಂಥ ಮಿಶ್ರಣ. ನಮ್ಮ ದೇಶದ ಒಂದು ಮಹಾ ದುರಂತದಿಂದ ಹುಟ್ಟಿದ ಪಾಕ ಜರ್ಮನಿಯ ಆ ಶಿಬಿರಕ್ಕೆ ಹೋಗಿ ತಲುಪಿತ್ತು. ಆದರೆ ಅಲ್ಲಿ ಬಹಳ ಜನರಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಪೂರ್ವ ಯುರೋಪಿನ ಹುಳಿ, ಖಾರ, ಉಪ್ಪಿನ ನಾಲಿಗೆಗೆ ಆ ಸಿಹಿ ಓಕರಿಕೆ ತರಿಸಿತು. ಪಾಪ್ರಿಕಾ ಎಂಬ ಕೆಂಪು ಮೆಣಸಿನ ಪುಡಿ ಬೆರೆಸಿದ ಮೇಲೆ ಕುಡಿಯುವವರು ಹೆಚ್ಚಿದರು ಎಂಬ ದಾಖಲೆಯಿದೆ. ಸಾಯುವಷ್ಟು ಹಸಿದವರು ಏನು ಕೊಟ್ಟರೂ ತಿನ್ನುತ್ತಾರೆ ಎಂಬ ಊಹೆ ಎಷ್ಟು ತಪ್ಪು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ನಾಲಿಗೆಯ ನೆನಪು ಹೊಟ್ಟೆಯ ಹಸಿವಿಗಿಂತ ಹಠಮಾರಿ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪಾಕಪುಸ್ತಕದ ಗಂಟು ಅರ್ಧ ಬಿಚ್ಚಿಕೊಳ್ಳುತ್ತದೆ.

ನಿಷಿದ್ಧ ಅನ್ನ

ಮಡಿಮೈಲಿಗೆಯ ಪ್ರಶ್ನೆಯನ್ನು ಚಿಕ್ಕದಾಗಿಯಾದರೂ ಹೇಳಲೇಬೇಕು. ಯಹೂದಿ ಧರ್ಮದ ಆಹಾರನಿಯಮಗಳಿಗೆ ಒಳಪಟ್ಟದ್ದು ಕೋಶರ್. ಹಂದಿ ಕೂಡದು, ಪ್ರಾಣಿಯನ್ನು ವಿಧಿಪ್ರಕಾರವೇ ಕೊಯ್ಯಬೇಕು, ಮಾಂಸಕ್ಕೂ ಹಾಲಿಗೂ ಒಂದೇ ಪಾತ್ರೆಯಿಲ್ಲ. ನಾಜಿಗಳು 1933ರ ಏಪ್ರಿಲ್‌ನಲ್ಲೇ ಆ ವಿಧಿಯ ವಧೆಯನ್ನು ಕಾನೂನು ಮಾಡಿ ನಿಲ್ಲಿಸಿದ್ದರು. ಹಾಗಾದರೆ ಶಿಬಿರದ ಸಾರಿನಲ್ಲಿ ಕುದುರೆ ಮಾಂಸ ತೇಲುತ್ತಿದ್ದರೆ ಏನು ಮಾಡಬೇಕು? ಧರ್ಮಶಾಸ್ತ್ರದ ಉತ್ತರ ನೇರವಾಗಿದೆ: ಪ್ರಾಣ ಉಳಿಸುವುದಕ್ಕಾಗಿ ಬಹುತೇಕ ಎಲ್ಲ ನಿಯಮಗಳನ್ನೂ ಮೀರಬಹುದು, ಮೀರಲೇಬೇಕು. ಆದರೂ ಜನ ಕೇಳುತ್ತಲೇ ಇದ್ದರು. ಲಿಥುವೇನಿಯಾದ ಕೊವ್ನೋ ಗೆಟ್ಟೋದಲ್ಲಿ ರಬ್ಬಿ (ಯಹೂದಿ ಧರ್ಮಗುರು) ಎಫ್ರಾಯಿಮ್ ಓಶ್ರಿ ಇಂಥ ಪ್ರಶ್ನೋತ್ತರಗಳನ್ನು ಸಿಕ್ಕ ಕಾಗದದ ಚೂರುಗಳ ಮೇಲೆ ಬರೆದು, ಡಬ್ಬಿಯಲ್ಲಿ ಹೂತಿಟ್ಟು, ಯುದ್ಧವಾದ ಮೇಲೆ ಅಗೆದು ತೆಗೆದು ಪ್ರಕಟಿಸಿದರು.

1944ರ ಪಾಸೋವರ್ ಹಬ್ಬದಲ್ಲಿ ಬೆರ್ಗೆನ್-ಬೆಲ್ಸೆನ್‌ನಲ್ಲಿದ್ದ ಡಚ್ ರಬ್ಬಿಗಳು ಒಂದು ಪ್ರಾರ್ಥನೆ ರಚಿಸಿದರು. ಆ ಎಂಟು ದಿನ ಹುಳಿಬರಿಸಿದ ರೊಟ್ಟಿ ಮುಟ್ಟುವಂತಿಲ್ಲ, ಆದರೆ ಶಿಬಿರದಲ್ಲಿ ಸಿಗುವುದು ಅದೊಂದೇ. ನಿನ್ನ ಆಜ್ಞೆ ಪಾಲಿಸಬೇಕೆಂಬುದೇ ನಮ್ಮ ಇಚ್ಛೆ, ಸೆರೆ ನಮ್ಮನ್ನು ತಡೆದಿದೆ, 'ಅವುಗಳಿಂದ (ನನ್ನ ಆಜ್ಞೆಗಳಿಂದ) ಬದುಕಬೇಕು' ಎಂಬ ನಿನ್ನ ಮಾತನ್ನೇ ಈಗ ಪಾಲಿಸುತ್ತಿದ್ದೇವೆ ಎಂಬುದು ಅದರ ಸಾರಾಂಶ. ತಿನ್ನುವ ಮುಂಚೆ ಇದನ್ನು ಹೇಳಿಕೊಳ್ಳುತ್ತಿದ್ದರು. ನಿಷಿದ್ಧವಾದದ್ದನ್ನು ತಿನ್ನುವುದೇ ಅಲ್ಲಿ ವ್ರತವಾಯಿತು.

ಮೊಟ್ಟೆಗಳ ಪಾಕವನ್ನು ಓದುವುದು

ಈಗ ಪೆಖ್ಟರ್ ಅವರ ಪಾಕಕ್ಕೆ ಮರಳೋಣ. ಮೊದಲು ಅಳತೆ. 'ಡೆಕಾ' ಎಂದರೆ ಹತ್ತು ಗ್ರಾಂ. ಹಳೆಯ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ನಾಡುಗಳಲ್ಲಿ ಇವತ್ತಿಗೂ ಅಂಗಡಿಯಲ್ಲಿ ಹೀಗೇ ಕೇಳುತ್ತಾರೆ. 5 ಡೆಕಾ ಬೆಣ್ಣೆ 50 ಗ್ರಾಂ. ಇದು ಗೊತ್ತಿಲ್ಲದೆ 5 ಗ್ರಾಂ ಹಾಕಿದರೆ ಹಳದಿ ಒಣಗಿ ಪುಡಿಪುಡಿಯಾಗುತ್ತದೆ, ಹೋಳಿನಲ್ಲಿ ನಿಲ್ಲುವುದಿಲ್ಲ.

ಆಮೇಲೆ ಹ್ಯಾಮ್. ಹಂದಿಮಾಂಸ! ಅಪರೂಪದ ಕ್ಯಾವಿಯರ್ ಕೊಡುವ ಸ್ಟರ್ಜನ್ ಮೀನೂ ಬಹುಮತದ ಪ್ರಕಾರ ಕೋಶರ್ ಅಲ್ಲ. ಆಸ್ಪಿಕ್ಕನ್ನು ಎಲುಬು ಕುದಿಸಿ ಮಾಡಿದ್ದಾದರೆ ಬೆಣ್ಣೆ, ಕೆನೆಗಳ ಮೇಲೆ ಅದನ್ನು ಸುರಿಯುವಂತಿಲ್ಲ. ಒಂದೇ ಪಾಕದಲ್ಲಿ ಮೂರು ಕಡೆ ನಿಯಮ ಮುರಿದಿದೆ, ಬರೆದವರಿಗೆ ಅದು ದೊಡ್ಡ ವಿಷಯವೇ ಆಗಿಲ್ಲ. ಪ್ರಾಗ್ ಸುತ್ತಲಿನ ಬೊಹೀಮಿಯಾ ನಾಡಿನ ಪೇಟೆಯ ಯಹೂದಿ ಮನೆಗಳು ಎಷ್ಟರಮಟ್ಟಿಗೆ ಜರ್ಮನ್-ಜೆಕ್ ಜೀವನದಲ್ಲಿ ಬೆರೆತುಹೋಗಿದ್ದವು ಎಂಬುದು ಇಲ್ಲಿ ಕಾಣುತ್ತದೆ. ನಾಜಿ ಕಾನೂನಿಗೆ ಆ ಹ್ಯಾಮ್ ಕಾಣಲಿಲ್ಲ, ಅಜ್ಜ ಅಜ್ಜಿಯರ ಧರ್ಮ ಮಾತ್ರ ಕಂಡಿತು. ಅದೇ ಪುಸ್ತಕದಲ್ಲಿ 'ಅಗ್ಗದ, ಅಸಲಿ ಯಹೂದಿ ಬೋಬೆ' ಎಂಬ ಕೇಕು ಇದೆ, 'ಯುದ್ಧದ ಸಿಹಿ' ಎಂಬುದೂ ಇದೆ. 'ಅಗ್ಗದ' ಎಂಬ ಮಾತು ಕೊರತೆಯ ಕಾಲದ ಗೃಹಿಣಿಯ ಮಾತು. ಎಲ್ಲ ಪಾಕಗಳೂ ಒಂದೇ ಕಾಲದ, ಒಂದೇ ಕೈಯ ಪಾಕಗಳಲ್ಲ.

ಕೆಲವು ಪಾಕಗಳಲ್ಲಿ ಪದಾರ್ಥವೇ ಬಿಟ್ಟುಹೋಗಿದೆ, ಕೆಲವದರಲ್ಲಿ ಹಂತ ಹಾರಿಹೋಗಿದೆ. ಒಂದಿಷ್ಟು ತಪ್ಪಿಗೆ ಹಸಿವೇ ಕಾರಣವಿರಬಹುದು. ಆದರೆ ಎಲ್ಲವನ್ನೂ ಹಸಿವಿನ ಲೆಕ್ಕಕ್ಕೆ ಬರೆಯಬೇಡಿ. ಮನೆಯಡುಗೆಯವರು ಯಾವ ಕಾಲಕ್ಕೂ ತಮ್ಮಂಥವರಿಗೇ ಬರೆಯುತ್ತಾರೆ. ಹಿಟ್ಟು ಎಷ್ಟು ಹೊತ್ತು ನಾದಬೇಕು, ಒಲೆ ಎಷ್ಟು ಕಾಯಬೇಕು ಎಂಬುದು ಕಣ್ಣಂದಾಜಿನ ಮಾತು. 1996ರಲ್ಲಿ ಕಾರಾ ಡಿ ಸಿಲ್ವಾ ಸಂಪಾದಿಸಿ, ಟೆರೆಜಿನ್‌ನಲ್ಲೇ ಸೆರೆಯಿದ್ದು ಬದುಕಿದ ಬಿಯಾಂಕಾ ಸ್ಟೈನರ್ ಬ್ರೌನ್ ಅನುವಾದಿಸಿ ಇದು ಇಂಗ್ಲಿಷಿನಲ್ಲಿ ಬಂದಾಗ ಪಾಕಗಳನ್ನು ತಿದ್ದಲಿಲ್ಲ. ಒಳ್ಳೆಯ ನಿರ್ಧಾರ. ತಿದ್ದಿದ್ದರೆ ಕೇಕು ಉಬ್ಬುತ್ತಿತ್ತು, ದಾಖಲೆ ಸಾಯುತ್ತಿತ್ತು.

ಯಾಕೆ ಬರೆದರು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ರಾವೆನ್ಸ್‌ಬ್ರೂಕ್‌ನಂಥ ಹೆಂಗಸರ ಶಿಬಿರಗಳಿಂದಲೂ ಇಂಥ ಪುಸ್ತಕಗಳು ಸಿಕ್ಕಿವೆ. ರಾತ್ರಿ ಮಲಗಿ ಪಾಕ ಹೇಳಿಕೊಳ್ಳುವುದಕ್ಕೆ ಅವರು 'ಬಾಯಲ್ಲಿ ಅಡುಗೆ ಮಾಡುವುದು' ಎನ್ನುತ್ತಿದ್ದರು. ಮಿರ್ನಾ ಗೋಲ್ಡನ್‌ಬರ್ಗ್ ಮೊದಲಾದವರು ಇದನ್ನು ಹೆಂಗಸರು ತಮ್ಮ ಹಳೆಯ ಗುರುತನ್ನು ಹಿಡಿದುಕೊಂಡ ಬಗೆ ಎಂದು ಓದುತ್ತಾರೆ. ಅದಕ್ಕೆದುರಾಗಿ ಮಿನೆಸೋಟಾ ವಿಶ್ವವಿದ್ಯಾಲಯದ ಪ್ರಯೋಗವಿದೆ. 1944-45ರಲ್ಲಿ ಆನ್ಸೆಲ್ ಕೀಸ್ 36 ಸ್ವಯಂಸೇವಕ ಗಂಡಸರನ್ನು ದಿನಕ್ಕೆ ಸುಮಾರು 1,570 ಕ್ಯಾಲೊರಿಯಲ್ಲಿ ಆರು ತಿಂಗಳಿಟ್ಟಾಗ, ಅಡುಗೆಯ ಗಂಧವೇ ಇಲ್ಲದವರೂ ಪಾಕಪುಸ್ತಕ ಕೂಡಿಹಾಕತೊಡಗಿದರು. ಮನಿಲಾದ ಬಿಲಿಬಿಡ್ ಸೆರೆಮನೆಯಲ್ಲಿ ಜಪಾನೀಯರ ಕೈಯಲ್ಲಿದ್ದ ಗಂಡು ಯುದ್ಧಕೈದಿಗಳೂ ಪಾಕ ಬರೆದಿಟ್ಟರು. ಹಾಗಾದರೆ ಇದು ಬರೀ ಹಸಿವಿನ ಲಕ್ಷಣವೇ?

ಊಟದ ಮಾತೇ ಯಾಕೆ ಬಂತು ಎಂಬುದಕ್ಕೆ ಹಸಿವು ಉತ್ತರ ಕೊಡುತ್ತದೆ. ಕಾಗದವೇ ಸಿಗದ ಊರಿನಲ್ಲಿ ಹಾಳೆ ಹುಡುಕಿ, ಡೆಕಾ ಲೆಕ್ಕದಲ್ಲಿ ಬರೆದು, ಹೊಲಿದು, ಮಗಳಿಗೆ ತಲುಪಿಸಿ ಎಂದು ಸ್ನೇಹಿತರೊಬ್ಬರ ಕೈಗೆ ಕೊಟ್ಟದ್ದಕ್ಕೆ ಕೊಡುವುದಿಲ್ಲ. ಮಗಳು ಆನಿ ಸ್ಟರ್ನ್ 1939ರಲ್ಲೇ ಪ್ಯಾಲೆಸ್ಟೈನಿಗೆ ಹೊರಟುಹೋಗಿದ್ದರು, ಮುಂದೆ ಅಮೆರಿಕಕ್ಕೆ. ಗಂಟು ಕೈಯಿಂದ ಕೈಗೆ ದಾಟಿ ನ್ಯೂಯಾರ್ಕಿನಲ್ಲಿ ಅವರನ್ನು ಮುಟ್ಟಿದ್ದು 1969ರಲ್ಲಿ, ಅಮ್ಮ ಸತ್ತ ಇಪ್ಪತ್ತೈದು ವರ್ಷಕ್ಕೆ. ಅದನ್ನು ಬಿಚ್ಚಿ ನೋಡಲು ಮಗಳಿಗೆ ಎಷ್ಟೋ ಕಾಲ ಧೈರ್ಯವಾಗಲಿಲ್ಲ.

ಮೊಟ್ಟೆಯ ಪಾಕದಲ್ಲಿ ಕೊನೆಗೊಂದು ಸಾಲಿದೆ: ಮೊಟ್ಟೆಗಳನ್ನು ಕಾಗದದ ಸುರುಳಿಪಟ್ಟಿಯಲ್ಲಿ ಕೂರಿಸಿ, ಬಿಸಿ ಬನ್ನಿನ ಹೋಳುಗಳ ಜೊತೆ ಕೊಡಬಹುದು. ಕಾಗದದ ಪಟ್ಟಿ ಕೈ ಅಂಟಾಗದಿರಲೆಂದು. ಹತ್ತು ಮೊಟ್ಟೆ ಎಂದರೆ ಇಪ್ಪತ್ತು ಹೋಳು. ಅದು ಒಬ್ಬರು ತಿನ್ನುವ ಅಳತೆಯಲ್ಲ, ನೆಂಟರು ಬಂದು ಕೂತ ಮನೆಯ ಅಳತೆ.